ಕುಮಟೆಯವರಿಗೆ ಟಪಾಲು ಪಾಂಡು ಹೇಳಿದ ಬುದ್ಧಿಮಾತು

ಹೊನ್ನಾವರದಿಂದ ನದಿಯ ನಡುವಿನ ಮಾವಿನಕುರ್ವೆ ದ್ವೀಪಕ್ಕೆ ದಿನಾ ದೋಣಿಯಲ್ಲಿ ಹೋಗಿ ಟಪಾಲು ಹಂಚಿ ಬರುತ್ತಿದ್ದ ಪಾಂಡುವಿಗೆ ಈಜು ಬರುತ್ತಿರಲಿಲ್ಲ. ಈಜು ಬಾರದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಇದನ್ನು ಬರೆಯುತ್ತಿರುವವನೂ ಬಾವಿಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಇಣುಕುವ ಜಾತಿ. ಆದರೆ ಪಾಂಡುವಿನ ಹೆದರಿಕೆಯ ದರ್ಜೆಯೇ ಬೇರೆ. ದೋಣಿಯ ನಟ್ಟನಡುವೆ ಕೂತು, ಟಪಾಲಿನ ಚೀಲವನ್ನು ತೊಡೆಯ ಮೇಲಿಟ್ಟು, ಕೂತ ಹಲಗೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿದನೆಂದರೆ ಆಚೆ ದಡ ಮುಟ್ಟುವ ತನಕ ಬಿಡುತ್ತಿರಲಿಲ್ಲ. ಹದಿನಾಲ್ಕು ವರ್ಷ, ರವಿವಾರ ಬಿಟ್ಟು ದಿನಕ್ಕೆ ಎರಡು ಸಲ, ಅವನು ಶರಾವತಿಯನ್ನು ದಾಟಿದ. ನೋಡಿದ್ದು ಮಾತ್ರ ಇಲ್ಲ.

“ದಡ ಬಂತು, ಕಣ್ ಬಿಡ್ರಾ ಪಾಂಡು,” ಎಂದು ದಿನಾ ಹೇಳುವುದು ದೋಣಿ ನಡೆಸುವ ಚೌಡನ ಕೆಲಸ. ಅದಕ್ಕೆ ಅವನು ತೆಗೆದುಕೊಳ್ಳುತ್ತಿದ್ದ ಕೂಲಿ ಒಂದು ನಗೆ, ಅಷ್ಟೇ.

ಹೆದರಿಕೆ ಕೆಲವರಲ್ಲಿ ಒಳಗೇ ಉಳಿಯುತ್ತದೆ. ಪಾಂಡು ಆ ವಿಷಯದಲ್ಲಿ ಧಾರಾಳಿ. ದೋಣಿಗೆ ಹೊಸಬರು ಯಾರೇ ಹತ್ತಲಿ, ಕಣ್ಣು ಮುಚ್ಚಿಕೊಂಡೇ ಬುದ್ಧಿ ಹೇಳುತ್ತಿದ್ದ. ಎದ್ದು ನಿಲ್ಲಬೇಡಿ, ನೀರಿಗೆ ಕೈ ಹಾಕಬೇಡಿ, ಸೀನು ಬಂದರೆ ನಡುವಿಗೆ ತಿರುಗಿ ಸೀನಿ. ಕೇಳಿದವರು ನಗುತ್ತಿದ್ದರು, ಯಾರೂ ಹೇಳಿದಂತೆ ನಡೆಯುತ್ತಿರಲಿಲ್ಲ. ಯಾರಿಗೂ ಏನೂ ಆಗುತ್ತಲೂ ಇರಲಿಲ್ಲ. ಹೀಗೆ ಪಾಂಡುವಿನ ಮಾತಿಗೆ ಕುರ್ವೆಯಲ್ಲಿ ಮಳೆಗಾಲದ ಕಪ್ಪೆಯ ಕೂಗಿಗೆ ಇದ್ದಷ್ಟು ಬೆಲೆ ಬಂದಿತ್ತು.

ಇಂಥವನಿಗೆ ಭರತ-ಇಳಿತದ ಲೆಕ್ಕ ಬಾಯಿಪಾಠವಾಗಿದ್ದರಲ್ಲಿ ಆಶ್ಚರ್ಯವಿಲ್ಲ. ನೀರು ಇಳಿದಾಗ ದಾಟಿದರೆ ಹೆದರಿಕೆ ನಾಲ್ಕಾಣೆಯಷ್ಟು ಕಡಿಮೆ. ಅಮಾವಾಸ್ಯೆಯ ಸಂಜೆ ಐದಕ್ಕೆ ನೀರು ಪೂರ್ತಿ ಇಳಿದಿರುತ್ತದೆ. ಮರುದಿನ ಪಾಡ್ಯಕ್ಕೆ ಐದೂಮುಕ್ಕಾಲು. ಹಾಗೆ ದಿನಕ್ಕೆ ಮುಕ್ಕಾಲು ಗಂಟೆ ಮುಂದೆ ಹೋಗುತ್ತದೆ. ತಿಥಿ ಗೊತ್ತಿದ್ದರೆ ನೀರು ಗೊತ್ತು. ನೀರನ್ನೇ ನೋಡಿ ತಿಳಿದುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಣ್ಣು ಮುಚ್ಚಿದವನಿಗೆ ಆ ಸೌಲಭ್ಯವಿಲ್ಲ.

ತಿಥಿ ತಿಳಿಯಲು ಅವನು ಪಂಚಾಂಗ ನೋಡುತ್ತಿರಲಿಲ್ಲ. ಪೋಸ್ಟ್‌ಮಾಸ್ತರರ ಡಬ್ಬಿ ನೋಡುತ್ತಿದ್ದ. ಅವರು ಮಧ್ಯಾಹ್ನ ಅನ್ನದ ಬದಲು ಅವಲಕ್ಕಿ ಬಿಚ್ಚಿದರೆ ಅಂದು ಏಕಾದಶಿ. ಅಲ್ಲಿಂದ ಬೆರಳು ಮಡಿಸಿ ನಾಲ್ಕು ದಿನ ಎಣಿಸಿದರೆ ಅಮಾವಾಸ್ಯೆ ಇಲ್ಲವೆ ಹುಣ್ಣಿಮೆ. ಅಚ್ಚಾದ ಕಾಗದ ತಪ್ಪಬಹುದು, ಊಟ ಬಿಟ್ಟು ಕೂತ ಮನುಷ್ಯ ತಪ್ಪಲಿಕ್ಕಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ. ಹನ್ನೆರಡು ವರ್ಷ ಈ ಲೆಕ್ಕ ಒಂದು ದಿನವೂ ಕೈಕೊಟ್ಟಿರಲಿಲ್ಲ.

ಅರವತ್ತೈದನೆಯ ಇಸವಿಯ ಸುಮಾರಿಗೆ, ಜನವರಿ ತಿಂಗಳಲ್ಲಿ, ಮಾವಿನಕುರ್ವೆಗೂ ಕುಮಟೆ ಪೇಟೆಗೂ ಫುಟ್‌ಬಾಲ್ ಮ್ಯಾಚು ಗೊತ್ತಾಯಿತು. ಕುರ್ವೆಯಲ್ಲಿ ಆಟಕ್ಕೆ ಬೇರೆ ಬಯಲಿಲ್ಲ. ದ್ವೀಪಕ್ಕೂ ಸಮುದ್ರಕ್ಕೂ ನಡುವೆ, ನೀರು ಪೂರ್ತಿ ಇಳಿದಾಗ, ಒಂದು ದೊಡ್ಡ ಹೊಯ್ಗೆಯ ದಿಬ್ಬ ಮೈ ತೋರಿಸುತ್ತದೆ. ಮರಳು ಸಿಮೆಂಟಿನಂತೆ ಗಟ್ಟಿ. ಅಲ್ಲಿ ಬಿದಿರ ಗಳ ನೆಟ್ಟು, ಹಿಂದೆ ಮೀನಿನ ಬಲೆ ಕಟ್ಟಿ ಗೋಲು ಮಾಡುತ್ತಿದ್ದರು. ದ್ವೀಪದಿಂದ ದಿಬ್ಬಕ್ಕೆ ಹೋಗಲು ನಡುವಿನ ಒಂದು ಕಾಲುವೆ ದಾಟಬೇಕು. ಇಳಿತದಲ್ಲಿ ಅದರ ನೀರು ಮೊಣಕಾಲ ಕೆಳಗೆ. ಭರತದಲ್ಲಿ ಅಲ್ಲಿ ದೊಡ್ಡ ದೋಣಿಯೇ ಓಡುತ್ತದೆ.

ಹಿಂದಿನ ವರ್ಷದ ಮ್ಯಾಚಿನಲ್ಲಿ ಎರಡೂ ಊರಿನವರು ಒತ್ತಾಗಿ ನಿಂತು ನೋಡಿ, ಮೊದಲು ಮಾತು, ಆಮೇಲೆ ಹೊಯ್ಗೆ, ಕೊನೆಗೆ ಸೋಡಾ ಬಾಟ್ಲಿ ಎಸೆದುಕೊಂಡಿದ್ದರು. ಕುಮಟೆಯ ಒಬ್ಬರ ಎರಡು ಹಲ್ಲು ಇನ್ನೂ ಆ ದಿಬ್ಬದಲ್ಲೇ ಇವೆ. ಆದ್ದರಿಂದ ಈ ಸಲ ಬಂದವರನ್ನು ಎದುರುಗೊಂಡು ನಾಲ್ಕು ಮಾತು ಹೇಳಲು ಯಾರಾದರೂ ಬೇಕಿತ್ತು. ಪಾಂಡುವಿನ ಹೆಂಡತಿ ನರ್ಮದಾ ಕುಮಟೆಯವಳು. ಕುಮಟೆಯ ಬೆಂಬಲಿಗರ ಮುಖಂಡ ಅವಳ ಅಣ್ಣ ಮಾಬ್ಲೇಶ್ವರ, ಜವಳಿ ಅಂಗಡಿಯ ಗುಮಾಸ್ತ. ಕುರ್ವೆಯವರು ಪಾಂಡುವನ್ನೇ ನೇಮಿಸಿದರು.

“ನಮ್ಮಣ್ಣ ಬತ್ತ,” ಎಂದಳು ನರ್ಮದಾ ಬೆಳಿಗ್ಗೆ, ಶರ್ಟಿನ ಗುಂಡಿ ಹೊಲಿಯುತ್ತ. “ಹೋದ ವರ್ಷದ ಹಾಂಗೆ ಎಂತಾದ್ರೂ ಆದ್ರೆ ನೀವು ಮನಿಗೆ ಬರೂದೇ ಬೇಡ. ಅಲ್ಲೇ ಕುರ್ವೆಲಿ ಇದ್ಕಳಿ.”

ಸುತ್ತ ನಾಲ್ಕೂ ಕಡೆ ನೀರಿರುವ ಜಾಗದಲ್ಲಿ ಕಾಯಂ ವಾಸ! ಪಾಂಡುವಿಗೆ ಅಷ್ಟು ಸಾಕಾಯಿತು.

ಮಧ್ಯಾಹ್ನ ಎರಡಕ್ಕೆ ಹೊನ್ನಾವರದ ದೋಣಿ ಧಕ್ಕೆಯಲ್ಲಿ, ಆಟಗಾರರೂ ಸೇರಿ ನಲವತ್ತು ಮಂದಿ ಕುಮಟೆಯವರು ತಾಸೆ ಬಡಿಯುತ್ತ ಬಂದಿಳಿದರು. ಪಾಂಡು ಕೈಯಲ್ಲಿ ಕೊಡೆ ಹಿಡಿದು ಎದುರು ನಿಂತ. ಹದಿನಾಲ್ಕು ವರ್ಷದಲ್ಲಿ ಇಷ್ಟು ಜನ ಒಟ್ಟಿಗೆ ಅವನ ಮಾತು ಕೇಳಲು ನಿಂತದ್ದು ಅದೇ ಮೊದಲು.

“ದೋಣಿಲಿ ಯಾರೂ ಎದ್ದು ನಿಲ್ಲೂದಿಲ್ಲ,” ಎಂದು ಶುರುಮಾಡಿದ. “ಎಷ್ಟ್ ಆಳ ಅದೆ ಅಂತ ಚೌಡನ ಹತ್ರ ಕೇಳೂದಿಲ್ಲ. ಅವ ಹೇಳಿಬಿಡ್ತ.”

“ಭಾವ, ನಾವು ಸಮುದ್ರ ಕಾಣದೋರಾ?” ಎಂದ ಮಾಬ್ಲೇಶ್ವರ. ಅವನ ದನಿ ಅಂಗಡಿಯಲ್ಲಿ ಮಾಳಿಗೆಯ ಮೇಲಿಂದ ಸೀರೆಯ ಗಂಟು ಇಳಿಸುವಂತೆ ಕೂಗಿ ಕೂಗಿ ಪಳಗಿದ್ದು. “ಕುಮಟೆಲಿ ಎಂತ ಬಾವಿ ಮಾತ್ರ ಅದ್ಯಾ?”

“ಸಮುದ್ರ ಬೇರೆ, ಅಳಿವೆ ಬೇರೆ ಭಾವ. ಆಮೇಲೆ, ಒಣಮೀನು ಹರವಿದ ಚಾಪೆ ಮೆಟ್ಟೂಕಾಗ. ಮೆಟ್ಟಿದ್ರೆ ಆ ಹೆಂಗಸ್ರ ಬಾಯಿ ಎದ್ರಿಗೆ ನಿಮ್ಮ ತಾಸೆ ಕೇಳೂದಿಲ್ಲ. ಮತ್ತೆ ಅವರ ಗೋಲ್‌ಕೀಪರನಿಗೆ ಬೈಬೇಡಿ.”

“ಗೋಲ್‌ಕೀಪರನಿಗೆ ಬೈಯೂಕಿಲ್ಲ ಅಂದ್ರೆ ಬಸ್ ಹತ್ತಿ ಬಂದದ್ದು ಎಂತಕ್ಕೆ?”

“ಬೈರಿ, ನಂದೇನು. ಸಂಜಿಗೆ ನಿಮ್ಮನ್ನ ವಾಪಸ್ ದಾಟಿಸೂದು ಅವನೇ.”

ನಲವತ್ತು ತಲೆಗಳು ಒಮ್ಮೆಲೇ ತಿರುಗಿದವು. ದೋಣಿಯ ತುದಿಯಲ್ಲಿ ದೋಣಿ ನೂಕುವ ಜಲ್ಲೆ ಹಿಡಿದು ನಿಂತಿದ್ದ ಚೌಡ ವಿನಯದಿಂದ ಹಲ್ಲು ಬಿಟ್ಟ. ತಾಸೆ ನಿಂತುಹೋಯಿತು.

“ಮತ್ತೆ ನಾವು ಗೋಲು ಹೊಡೆದ್ರೆ ಎಂತ ಮಾಡೂದು?” ಎಂದು ಹಿಂದಿನಿಂದ ಒಬ್ಬ ಕೇಳಿದ, ದನಿ ಇಳಿಸಿ.

“ಸಂತೋಷ ಹೊಟ್ಟೆಲೇ ಇಟ್ಕಳಿ. ಬಸ್ ಸ್ಟ್ಯಾಂಡಿಗೆ ಬಂದಮೇಲೆ ಕೂಗಿ. ಇನ್ನು ನಿಲ್ಲೂ ಜಾಗ. ಕುರ್ವೆಯೋರು ಕಾಲುವೆ ಬದಿಗೆ ನಿಲ್ತ್ರು. ನೀವು ಆಟ ದಾಟಿ ಆಚೆ, ಪಡುದಿಕ್ಕಿಗೆ, ಸಮುದ್ರದ ಬದಿಗೆ ನಿಲ್ಲಿ. ನಡುಕೆ ಇಡೀ ಬಯಲು ಇರ್ತದೆ. ಬಾಟ್ಲಿ ಎಸೆದ್ರೂ ಮುಟ್ಟೂದಿಲ್ಲ.”

ಇದು ಎಲ್ಲರಿಗೂ ಒಪ್ಪಿಗೆಯಾಯಿತು.

“ಎಷ್ಟೊತ್ತಿನ ತನಕ ನಿಲ್ಲೂಕಡ್ಡಿಲ್ಲ?” ಎಂದ ಮಾಬ್ಲೇಶ್ವರ.

ಪಾಂಡು ಬೆರಳು ಮಡಿಸಿದ. ಮಂಗಳವಾರ ಮಾಸ್ತರರ ಅವಲಕ್ಕಿ. ಬುಧವಾರ ದ್ವಾದಶಿ. ಶನಿವಾರಕ್ಕೆ ಅಮಾವಾಸ್ಯೆ ಮುಗಿಯಿತು. ಇಂದು ರವಿವಾರ, ಪಾಡ್ಯ. “ಸೂರ್ಯ ನೀರು ಮುಟ್ಟೂವರಿಗೂ ಹೆದ್ರಿಕಿಲ್ಲ,” ಎಂದ. ಹೆದರಿಕೆಯಿಲ್ಲ ಎಂಬ ಮಾತು ಅವನ ಬಾಯಿಂದ ಬಂದದ್ದು ಕೇಳಿ ಚೌಡನಿಗೇ ಜಲ್ಲೆ ಜಾರಿತು.

ನಾಲ್ಕಕ್ಕೆ ಶುರುವಾಗಬೇಕಿದ್ದ ಆಟ ಐದಕ್ಕೆ ಶುರುವಾಯಿತು. ಅಧ್ಯಕ್ಷತೆಗೆ ಕರೆದಿದ್ದ ದೊಡ್ಡ ಮನುಷ್ಯರು ತಡವಾಗಿ ಬಂದರು. ಬಂದವರು ಕ್ರೀಡೆ ಮತ್ತು ರಾಷ್ಟ್ರನಿರ್ಮಾಣ ಎಂಬುದರ ಬಗ್ಗೆ ಮಾತಾಡಿದರು. ಮಾತಾಡಿದವರು ಎಳನೀರು ಕುಡಿದು ಹೊರಟುಹೋದರು. ಪಾಂಡು ಚಿಂತೆ ಮಾಡಲಿಲ್ಲ. ಅವನ ಲೆಕ್ಕದಲ್ಲಿ ನೀರು ಇನ್ನೂ ಇಳಿಯುತ್ತಿತ್ತು. ಆದರೂ ಅಭ್ಯಾಸಬಲದಿಂದ ಕಾಲುವೆಗೆ ಬೆನ್ನು ಹಾಕಿ, ಕೊಡೆಯನ್ನು ಬೆನ್ನ ಹಿಂದೆ ಊರಿಟ್ಟು, ಓಡಿಹೋಗಲು ಸುಲಭವಾದ ಜಾಗದಲ್ಲಿ ನಿಂತಿದ್ದ. ಈ ಭಂಗಿಯಲ್ಲೇ ಅವನು ಎಲ್ಲ ಮ್ಯಾಚು ನೋಡುವುದು.

ಹಾಫ್‌ಟೈಮ್ ಕಳೆದು ಸ್ವಲ್ಪ ಹೊತ್ತಿಗೆ ಕುಮಟೆ ಒಂದು ಗೋಲು ಹೊಡೆಯಿತು. ಪಡುವಣದ ದಂಡೆಯಲ್ಲಿ ಬೆಂಬಲಿಗರು ಪಾಂಡುವಿನ ಬುದ್ಧಿಮಾತು ಮರೆತು ಕುಣಿದರು. ಅದೇ ಹೊತ್ತಿಗೆ ಸಣ್ಣಿ ಎಂಬ ಹೆಂಗಸು ಬಳಚು ಚಿಪ್ಪು ತುಂಬಿದ ಬುಟ್ಟಿಯನ್ನು ತಲೆಯ ಮೇಲಿಟ್ಟು ಅವನ ಪಕ್ಕದಿಂದ ಕಾಲುವೆಗೆ ಇಳಿದಳು. ಇಳಿತದಲ್ಲಿ ಹೊಯ್ಗೆ ಕೆದಕಿ ಚಿಪ್ಪು ಆರಿಸುವವರು ನೀರು ತಿರುಗುವ ಮೊದಲು ಎದ್ದು ಬರುವುದಿಲ್ಲ.

“ಎಂತಕ್ಕೆ ಇಷ್ಟ್ ಬೇಗ ಹೊಂಟ್ಯೇ ಸಣ್ಣಿ?”

“ಬೇಗ ಎಂತದ್ರಾ? ನೀರು ತಿರಗಿ ಒಂದು ತಾಸಾತು. ಇಂದು ಅಮಾಸಿ ಅಲ್ದಾ, ಹಿರೀಕರಿಗೆ ಎಡೆ ಹಾಕೂಕದೆ.”

“ಅಮಾಸಿ ನಿನ್ನೆ.”

“ನಿಂಗೆ ಯಾರು ಹೇಳ್ದ್ರು? ನಿನ್ನೆ ಅಮಾಸಿ ಆಗಿದ್ರೆ ನಮ್ಮ ಹಿರೀಕರು ಉಪಾಸ ಬೀಳ್ತಿದ್ರಲ್ಲ!” ಎಂದು ಸಣ್ಣಿ ನಗುತ್ತ ಹೋದಳು. ಕಾಲುವೆಯ ನಡುವೆ ಅವಳ ಸೀರೆ ಮೊಣಕಾಲಿನ ಮೇಲೆ ನೆನೆಯಿತು.

ಪಾಂಡು ತಿರುಗಿ ಕೊಡೆ ನೋಡಿದ. ಒಣ ಮರಳಿನಲ್ಲಿ ಊರಿದ್ದ ಕೊಡೆಯ ತುದಿ ಒಂದು ಗೇಣು ನೀರಿನಲ್ಲಿತ್ತು.

ಆಗ ಅವನಿಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಹಳೆಯ ಪೋಸ್ಟ್‌ಮಾಸ್ತರರು ಕೊಂಕಣಿಯವರು, ವೈಷ್ಣವರು. ಎರಡು ತಿಂಗಳ ಹಿಂದೆ ಅವರು ವರ್ಗವಾಗಿ, ತೋಟದೂರಿನ ಹೊಸಬರು ಬಂದಿದ್ದರು, ಸ್ಮಾರ್ತರು. ಕೆಲವು ಸಲ ಏಕಾದಶಿ ಎರಡು ದಿನ ಹರಡಿಕೊಳ್ಳುತ್ತದೆ. ಆಗ ಸ್ಮಾರ್ತರು ಮೊದಲ ದಿನ ಉಪವಾಸ ಮಾಡಿದರೆ ವೈಷ್ಣವರು ಮಾರನೆಯ ದಿನ ಮಾಡುತ್ತಾರೆ. ಮಂಗಳವಾರ “ಇವತ್ತು ಊಟ ಇಲ್ಲೆ, ಏಕಾದಶಿ,” ಎಂದು ಹೊಸ ಮಾಸ್ತರರು ಅವಲಕ್ಕಿ ಬಿಚ್ಚಿದ್ದರು. ಬುಧವಾರ ಮುದ್ರೆ ಒತ್ತುವ ಮೇಜಿನ ವೈಷ್ಣವ ಗುಮಾಸ್ತ ಕಾಮತಿಯೂ ಅವಲಕ್ಕಿ ಬಿಚ್ಚಿದಾಗ, ಅವನಿಗೆ ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡಿದ್ದ ಪಾಂಡು. ಅವನ ಲೆಕ್ಕ ಒಂದು ದಿನ ಮುಂದೆ ಓಡಿತ್ತು. ಇಂದೇ ಅಮಾವಾಸ್ಯೆ. ವರ್ಷದ ದೊಡ್ಡ ಭರತಗಳಲ್ಲಿ ಒಂದು, ಈಗಾಗಲೇ ಬೆನ್ನ ಹಿಂದೆ ಏರುತ್ತಿತ್ತು.

ಕುರ್ವೆಯವರಿಗೇನು, ಅವರು ಕಾಲುವೆಯ ದಂಡೆಯಲ್ಲೇ ಇದ್ದವರು, ಎದೆಮಟ್ಟ ನೀರಿನಲ್ಲಿ ಬೀಡಿ ಸೇದುತ್ತ ದಾಟುವವರು. ಕುಮಟೆಯವರು ಸಮುದ್ರದ ಕಡೆ ಇದ್ದರು. ಅವರ ಊರಿನ ಕಡಲ ದಂಡೆಯಲ್ಲಿ ನೀರು ಎದುರಿನಿಂದ ಬರುತ್ತದೆ. ಎದುರು ನೋಡಿಕೊಂಡಿದ್ದರೆ ಆಯಿತು. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಅದು ಮೊದಲು ಬೆನ್ನ ಹಿಂದಿನ ಕಾಲುವೆ ತುಂಬಿಕೊಂಡು, ದಾರಿ ಮುಚ್ಚಿ, ಆಮೇಲೆ ಎದುರಿನಿಂದ ಬರುತ್ತದೆ. ಅವರನ್ನು ಅಲ್ಲಿ ನಿಲ್ಲಿಸಿದವನು ತಾನೇ. ಬಾಟ್ಲಿಗೆ ಹೆದರಿ ನಿಲ್ಲಿಸಿದ್ದು. ಪಾಂಡು ಕೊಡೆಯನ್ನು ಅಲ್ಲೇ ಬಿಟ್ಟ.

ಬಯಲನ್ನು ಸುತ್ತಿ ಓಡಿದ. ಮಾಬ್ಲೇಶ್ವರನ ತೋಳು ಹಿಡಿದ. “ಭಾವ, ಹೊರಡಿ. ಎಲ್ಲರೂ ಹೊರಡಿ. ನೀರು ಬಂತು.”

ಮಾಬ್ಲೇಶ್ವರ ಎದುರಿನ ಸಮುದ್ರ ನೋಡಿದ. ಅದು ನೂರು ಮಾರು ದೂರದಲ್ಲಿ ಸಾಧುವಾಗಿ ಮಲಗಿತ್ತು. ಸೂರ್ಯ ಇನ್ನೂ ಒಂದು ಗಳ ಮೇಲಿದ್ದ. “ಎಲ್ಲಿ ಬಂತು?”

“ಅಲ್ಲಲ್ಲ, ಹಿಂದೆ! ಕಾಲುವೆಲಿ!”

“ಸೂರ್ಯ ನೀರು ಮುಟ್ಟೂವರಿಗೂ ಹೆದ್ರಿಕಿಲ್ಲ ಅಂದೋರು ಯಾರು?”

“ನಾನೇ. ತಪ್ಪಾತು. ಏಕಾದಶಿ ಎರಡು ದಿನ ಇತ್ತು ಭಾವ, ನಾ ಒಂದೇ ಎಣ್ಸಿದೆ…”

“ಏಕಾದಶಿಯಂತೆ!” ಎಂದು ಮಾಬ್ಲೇಶ್ವರ ತನ್ನವರ ಕಡೆ ತಿರುಗಿದ. “ಕೇಳಿದ್ರಾ? ಅವರು ಸೋಲೂಕೆ ಹತ್ತಿದ್ದೇ ತಡ, ಭಾವನ್ನ ಕಳಿಸಿದ್ರು ನೋಡಿ. ನಾವು ಎದ್ದು ಹೋದ್ರೆ ಮ್ಯಾಚು ರದ್ದು ಮಾಡೂಕೆ!”

ಅವರೆಲ್ಲ ಹೋ ಎಂದರು. ಒಬ್ಬ ತಾಸೆಯನ್ನು ಪಾಂಡುವಿನ ಕಿವಿಯ ಹತ್ತಿರ ಬಡಿದ. ಪಾಂಡು ಕೈ ಮುಗಿದ, ಹೆಂಡತಿಯ ಹೆಸರು ಹೇಳಿದ, ಕುಮಟೆಯ ಅತ್ತೆಯ ಹೆಸರು ಹೇಳಿದ. ಹದಿನಾಲ್ಕು ವರ್ಷ ಅವನ ಹೆದರಿಕೆಗೆ ನಕ್ಕ ಲೋಕ ಈಗಲೂ ಅಷ್ಟೇ ಶ್ರದ್ಧೆಯಿಂದ ನಕ್ಕಿತು. ಅವನ ಕಣ್ಣಿಗೆ ಮಾತ್ರ, ಬಯಲಿನಾಚೆ ನಿಂತಿದ್ದ ಕುರ್ವೆಯ ಜನರ ಕಾಲುಗಳ ಸಂದಿನಲ್ಲಿ, ಇಷ್ಟು ಹೊತ್ತು ಇಲ್ಲದ ಒಂದು ಬೆಳ್ಳಿಗೆರೆ ಕಾಣುತ್ತಿತ್ತು. ಅದು ನೋಡನೋಡುತ್ತ ದಪ್ಪವಾಯಿತು.

ಅಷ್ಟರಲ್ಲಿ ಯಾರೋ ಜೋರಾಗಿ ಒದ್ದ ಚೆಂಡು ಗೆರೆ ದಾಟಿ ಉರುಳುತ್ತ ಬಂದು ಪಾಂಡುವಿನ ಕಾಲಿಗೆ ಬಡಿಯಿತು.

ಇದ್ದದ್ದು ಒಂದೇ ಚೆಂಡು. ಪಾಂಡು ಅದನ್ನು ಎತ್ತಿಕೊಂಡ. ಕುಮಟೆಯ ಆಟಗಾರನೊಬ್ಬ ಕೊಡು ಎಂದು ಕೈ ಚಾಚಿದ. ಪಾಂಡು ಅವನ ಮುಖ ನೋಡಿದ, ಚೆಂಡನ್ನು ಎದೆಗೆ ಅವುಚಿಕೊಂಡ, ಮತ್ತು ಬಯಲಿನ ನಡುವಿನಿಂದ ಕಾಲುವೆಯ ಕಡೆಗೆ ಓಟ ಕಿತ್ತ.

ಒಂದು ಕ್ಷಣ ಏನಾಯಿತೆಂದು ಯಾರಿಗೂ ಅರ್ಥವಾಗಲಿಲ್ಲ. ರೆಫ್ರಿ ಸೀಟಿ ಊದಿದ. ಆಮೇಲೆ ಮಾಬ್ಲೇಶ್ವರನ ದನಿ ಕೇಳಿತು: “ಕಳ್ಳ! ಚೆಂಡು ಹೊತ್ಕಂಡು ಓಡ್ತ! ಹಿಡೀರಿ ಅವನ್ನ!”

ಬೆಂಬಲಿಗರೂ ಹನ್ನೊಂದು ಆಟಗಾರರೂ ಬೆನ್ನಟ್ಟಿದರು. ಆದರೆ ದಿನಕ್ಕೆ ಎಂಟು ಮೈಲಿ ನಡೆಯುವ ಟಪಾಲಿನವನನ್ನು ಜವಳಿ ಅಂಗಡಿಯಲ್ಲಿ ಕೂತು ದಿನ ಕಳೆಯುವವರು ಹಿಡಿಯುವುದು ಸುಲಭವಲ್ಲ. ಖಾಕಿ ಚಡ್ಡಿಯ ಪಾಂಡು ಗೋಲಿನಲ್ಲಿ ನಿಂತ ಚೌಡನ ಪಕ್ಕದಿಂದ ಹಾದು, ಬಾಯಿ ತೆರೆದು ನಿಂತ ಕುರ್ವೆಯವರ ನಡುವೆ ನುಗ್ಗಿ, ಕಾಲುವೆಯ ಅಂಚಿಗೆ ಬಂದ. ಬಂದವನು ನಿಂತ.

ನೀರು ಕಂದು ಬಣ್ಣಕ್ಕೆ ತಿರುಗಿತ್ತು, ಸುಳಿಸುಳಿಯಾಗಿ ಒಳಗೆ ಹರಿಯುತ್ತಿತ್ತು. ಕಣ್ಣು ಬಿಟ್ಟು ಏರುವ ನೀರನ್ನು ಇಷ್ಟು ಹತ್ತಿರದಿಂದ ಅವನು ಎಂದೂ ನೋಡಿರಲಿಲ್ಲ. ಅಭ್ಯಾಸದಂತೆ ಒಮ್ಮೆ ಕಣ್ಣು ಮುಚ್ಚಿದ, ಮತ್ತೆ ತೆರೆದ. ಹಿಂದೆ ಕೂಗು ಹತ್ತಿರವಾಗುತ್ತಿತ್ತು. ತಾನು ಇಲ್ಲೇ ನಿಂತರೆ ಅವರೂ ಇಲ್ಲೇ ನಿಲ್ಲುತ್ತಾರೆ, ತನಗೆ ನಾಲ್ಕು ಬಾರಿಸಿ ವಾಪಸ್ ಹೋಗಿ ಆಟ ನೋಡುತ್ತಾರೆ. ಧೈರ್ಯ ಮಾಡಿದ ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಹೆದರಿಕೆಗಳು ಅವನನ್ನು ಎರಡು ಕಡೆಯಿಂದ ಎಳೆದವು, ಹಿಂದೆ ಬರುತ್ತಿದ್ದವರ ಬಗೆಗಿನದು ಗೆದ್ದಿತು. ಪಾಂಡು ಚೆಂಡನ್ನು ಅಪ್ಪಿಕೊಂಡು ನೀರಿಗೆ ಇಳಿದ.

ದಾರಿ ತೋರಿಸಲು ಮೀನುಗಾರರು ನೆಟ್ಟ ಗೂಟಗಳಿದ್ದವು. ಒಂದನೆಯ ಗೂಟಕ್ಕೆ ತೊಡೆ ಮುಳುಗಿತು, ಎರಡನೆಯದಕ್ಕೆ ಸೊಂಟ. ಮೂರನೆಯದರ ಹತ್ತಿರ ಕಾಲ ಕೆಳಗಿನ ಹೊಯ್ಗೆ ಜಾರಿ, ನೀರು ಎದೆಗೆ ಬಂದು, ಅವನ ಪಾದ ನೆಲ ಬಿಟ್ಟಿತು. “ಅಯ್ಯೋ ನರ್ಮದಾ!” ಎಂದು ಕೂಗಿಕೊಂಡ. ಮುಳುಗಲಿಲ್ಲ, ಚೆಂಡು ಮುಳುಗಗೊಡಲಿಲ್ಲ. ಗಾಳಿ ತುಂಬಿದ ಆ ತೊಗಲಿಗೆ ಗಲ್ಲ ಒತ್ತಿ, ಕಾಲು ಬಡಿದು ಬಡಿದು, ನಾಲ್ಕನೆಯ ಗೂಟದ ಹತ್ತಿರ ಮತ್ತೆ ನೆಲ ಸಿಕ್ಕಿತು.

ಹಿಂದೆ ಬೈಗುಳ ನಿಂತಿತ್ತು. ಸಿಟ್ಟಿನ ಭರದಲ್ಲಿ ನೀರಿಗಿಳಿದ ಕುಮಟೆಯವರಿಗೆ ಸೊಂಟ ಮುಳುಗುವ ತನಕ ನೀರು ಗಮನಕ್ಕೇ ಬಂದಿರಲಿಲ್ಲ. ಬಂದ ಕೂಡಲೇ ಒಬ್ಬರನ್ನೊಬ್ಬರು ಹಿಡಿದುಕೊಂಡು ಅರಚತೊಡಗಿದರು. ತಾಸೆ ತೇಲಿ ಹೋಯಿತು. ಯಾರದೋ ಟೋಪಿ ಅದರ ಹಿಂದೆ ಹೋಯಿತು.

“ಚೌಡಾ! ಅವರಿಗೆ ಈಜು ಬತ್ತಿಲ್ವೋ!” ಎಂದು ಪಾಂಡು ದಡದಿಂದ ಗಂಟಲು ಹರಿಯುವಂತೆ ಕೂಗಿದ.

ಚೌಡ ಗೋಲು ಬಿಟ್ಟು ಹಾರಿದ. ಅವನ ಹಿಂದೆ ಕುರ್ವೆಯ ಉಳಿದವರು ಹಾರಿದರು. ಗೂಟದಿಂದ ಗೂಟಕ್ಕೆ ಕೈ ಹಿಡಿದು ಸಾಲಾಗಿ ನಿಂತು, ಒಬ್ಬೊಬ್ಬರನ್ನೇ ರಟ್ಟೆ ಹಿಡಿದು, ಕೊರಳಪಟ್ಟಿ ಹಿಡಿದು, ಇಬ್ಬರನ್ನು ಜುಟ್ಟು ಹಿಡಿದು ದಾಟಿಸಿದರು. ಕೊನೆಗೆ ಬಂದವನು ಮಾಬ್ಲೇಶ್ವರ. ಅವನನ್ನು ಚೌಡ ಬೆನ್ನ ಮೇಲೆ ಹೊತ್ತು ತಂದು ದಡದಲ್ಲಿ ಮೀನಿನ ಬುಟ್ಟಿಯಂತೆ ಇಳಿಸಿದ.

ಮಾಬ್ಲೇಶ್ವರ ಎದ್ದ. ಉಪ್ಪುನೀರು ಉಗುಳಿದ. ನೇರ ಪಾಂಡುವಿನ ಹತ್ತಿರ ಬಂದು ಬೆನ್ನಿಗೆ ಎರಡು ಗುದ್ದಿದ. ಮೂರನೆಯದಕ್ಕೆ ಕೈ ಎತ್ತಿದವನು ಪಾಂಡು ಎತ್ತ ನೋಡುತ್ತಿದ್ದಾನೆಂದು ತಾನೂ ತಿರುಗಿ ನೋಡಿದ. ಈಗ ಎದುರಿನಿಂದಲೂ ನೀರು ಬಂದಿತ್ತು. ಅವರು ಕುಣಿದ ದಂಡೆ ಇರಲಿಲ್ಲ. ಆಟದ ಬಯಲು ಹಾಸಿದ ಚಾಪೆಯಷ್ಟಾಗಿ, ತುಂಡಾಗಿ, ಕರಗುತ್ತಿತ್ತು. ಸ್ವಲ್ಪ ಹೊತ್ತಿಗೆ ಎರಡು ಜೊತೆ ಬಿದಿರ ಗಳ ಮಾತ್ರ ನೀರಿನ ಮೇಲೆ ಉಳಿದವು. ಸೂರ್ಯ ಆಗಷ್ಟೇ ಸಮುದ್ರ ಮುಟ್ಟಿದ.

ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಮಾಬ್ಲೇಶ್ವರ ಅದರಿಂದ ಮುಖ ಒರೆಸಿಕೊಂಡ. “ಒಂದು ಗೋಲು ನಮ್ದು ಹೆಚ್ಗಿತ್ತು, ಅಲ್ದಾ?” ಎಂದ ಸಣ್ಣ ದನಿಯಲ್ಲಿ.

“ಹೌದು ಭಾವ,” ಎಂದ ಪಾಂಡು. “ನಿಮ್ಮನ್ನ ಅಲ್ಲಿ ನಿಲ್ಲಿಸಿದ್ದು ನಾನು. ತಪ್ಪು ನಂದೇ.”

ಮಾಬ್ಲೇಶ್ವರ ಒದ್ದೆ ಶರ್ಟಿನ ತೋಳಿನಿಂದ ಪಾಂಡುವಿನ ಬೆನ್ನ ಮೇಲಿನ ಹೊಯ್ಗೆ ಝಾಡಿಸಿದ.

ಕತ್ತಲಾಗುವ ಮೊದಲು ಅವರನ್ನು ಹೊನ್ನಾವರಕ್ಕೆ ದಾಟಿಸಬೇಕಿತ್ತು. ದೋಣಿ ಸಿದ್ಧವಾಯಿತು. ಚೌಡ ಜಲ್ಲೆ ಹಿಡಿದು “ಹತ್ರಿ, ಹತ್ರಿ,” ಎಂದ. ಯಾರೂ ಹತ್ತಲಿಲ್ಲ. ನಲವತ್ತು ಮಂದಿ ನಡುಗುತ್ತ ನಿಂತು ಪಾಂಡುವನ್ನು ನೋಡಿದರು.

“ಭಾವ,” ಎಂದ ಮಾಬ್ಲೇಶ್ವರ, “ಹತ್ತಬಹುದಾ?”

ಪಾಂಡು ಯಾರಾದರೂ ನಗುತ್ತಾರೇನೋ ಎಂದು ಕಾದ. ಯಾರೂ ನಗಲಿಲ್ಲ, ಚೌಡನೂ ನಗಲಿಲ್ಲ. ಅವನು ದಂಡೆಗೆ ಹೋಗಿ ಬಗ್ಗಿ ನೀರು ನೋಡಿದ, ಮೋಡ ನೋಡಿದ, ದೋಣಿಯ ಅಂಚು ನೀರಿನಿಂದ ಎಷ್ಟು ಮೇಲಿದೆ ನೋಡಿದ, ಮತ್ತೆ ನೀರು ನೋಡಿದ. ಕಾಲುವೆಯ ನಡುವೆಯೂ ಅವನು ಇಷ್ಟು ಹೆದರಿರಲಿಲ್ಲ. ಇಷ್ಟು ವರ್ಷ ಏನು ಹೇಳಿದರೂ ನಡೆಯುತ್ತಿತ್ತು, ಯಾರೂ ನಂಬುತ್ತಿರಲಿಲ್ಲ. ಈಗ ಅವನು ಹೂಂ ಎಂದರೆ ನಲವತ್ತು ಮಂದಿ ಹತ್ತುತ್ತಾರೆ.

“ಇಪ್ಪತ್ತೇ ಮಂದಿ,” ಎಂದ ಕೊನೆಗೆ. “ಉಳಿದವರು ಎರಡನೇ ಸಲಕ್ಕೆ. ನಾನು ಉಳಿದವರ ಸಂಗಡ ಬತ್ತೆ.”